ಸಕ್ಕರೆ ಕಾರ್ಖಾನೆಗಳ ಸಾಮಗ್ರಿ ಸಾಗಣೆ ಉಪಕರಣಗಳು

ಕಬ್ಬನ್ನು ವಾಹನದಿಂದ ಇಳಿಸಿ ನುರಿಸುವ ಗಿರಣಿಗೆ ಒಯ್ಯುವ, ಸಿಪ್ಪೆಯನ್ನು ಬಾಯ್ಲರ್‌ಗೆ ತಲುಪಿಸುವ ಹಾಗೂ ಸಕ್ಕರೆ ಚೀಲಗಳನ್ನು ಗೋದಾಮಿನಲ್ಲಿ ಒಟ್ಟುವ ಯಂತ್ರಗಳನ್ನು ಸಕ್ಕರೆ ಕಾರ್ಖಾನೆಗಳ ಸಾಮಗ್ರಿ ಸಾಗಣೆ ಉಪಕರಣಗಳು ಎನ್ನುತ್ತಾರೆ. ಕಟಾವಾದ ಕಬ್ಬು ಗಂಟೆ ಕಳೆದಂತೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಈ ಉಪಕರಣಗಳು ನಿಂತರೆ ಕಾರ್ಖಾನೆಯ ಜೊತೆಗೆ ಬೆಳೆಗಾರನಿಗೂ ನಷ್ಟವಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ತುಂಗಭದ್ರಾ ನದಿಯ ದಂಡೆಯಲ್ಲಿವೆ. ಹಡಗಲಿ ತಾಲ್ಲೂಕಿನ ಬೀರಬ್ಬಿ ಹಾಗೂ ಹರಪನಹಳ್ಳಿ ತಾಲ್ಲೂಕಿನ ದುಗ್ಗಾವತಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಭಾಗಕ್ಕೆ ತುಂಗಭದ್ರಾ ಜಲಾಶಯದ ಹಿನ್ನೀರು ತಾಗುತ್ತದೆ. ಕೂಡ್ಲಿಗಿ ಮತ್ತು ಕೊಟ್ಟೂರು ತಾಲ್ಲೂಕುಗಳಲ್ಲಿ ಮಳೆಯಾಶ್ರಿತ ಬೇಸಾಯ ಹೆಚ್ಚು. ಅಲ್ಲಿನ ಮೆಕ್ಕೆಜೋಳ, ಶೇಂಗಾ ಮೊದಲಾದವುಗಳ ಮಾರುಕಟ್ಟೆಗಳಲ್ಲಿ ಚೀಲ ಎತ್ತಿ ಇಳಿಸುವ ಕೆಲಸವನ್ನು ಹಮಾಲರು ಮಾಡುತ್ತಾರೆ.

ಆಯ್ಕೆ

ಉಪಕರಣದ ಸಾಮರ್ಥ್ಯವನ್ನು ನುರಿಸುವ ಪ್ರಮಾಣದಿಂದ ಲೆಕ್ಕ ಹಾಕಲಾಗುತ್ತದೆ. ದಿನಕ್ಕೆ 2,500 ಟನ್ ನುರಿಸುವ ಕಾರ್ಖಾನೆಗೆ ಗಂಟೆಗೆ ಸುಮಾರು 104 ಟನ್ ಕಬ್ಬು ಬೇಕು. ಕ್ರೇನು ಒಮ್ಮೆಗೆ 5 ಟನ್ ಎತ್ತಿದರೆ ಗಂಟೆಗೆ 21 ಬಾರಿ, ಅಂದರೆ ಮೂರು ನಿಮಿಷಕ್ಕಿಂತ ಕಡಿಮೆ ಅವಧಿಗೊಮ್ಮೆ ಎತ್ತಬೇಕಾಗುತ್ತದೆ. ಲಾರಿ, ಟ್ರ್ಯಾಕ್ಟರುಗಳು ಒಂದೇ ಸಮನೆ ಬರುವುದಿಲ್ಲವಾದ್ದರಿಂದ ಹೆಚ್ಚುವರಿ ಸಾಮರ್ಥ್ಯ ಅಗತ್ಯ. ಎತ್ತುವ ಭಾರದಲ್ಲಿ ಕಬ್ಬಿನ ಜೊತೆಗೆ ಕೊಕ್ಕೆಗೆ ತೂಗುವ ಸರಪಳಿ ಅಥವಾ ಹಿಡಿಕೆಯ ತೂಕವನ್ನೂ ಸೇರಿಸಬೇಕು. ಹಗಲಿರುಳು ದುಡಿಯುವ ಈ ಕ್ರೇನುಗಳಿಗೆ ಅಪರೂಪಕ್ಕೆ ಬಳಸುವ ದುರಸ್ತಿ ಕ್ರೇನುಗಳಿಗಿಂತ ಮೇಲಿನ ಕಾರ್ಯದರ್ಜೆ ಬೇಕಾಗುತ್ತದೆ.

ಕಬ್ಬಿನ ತೂಕದ ಸುಮಾರು ಶೇ. 30ರಷ್ಟು ಸಿಪ್ಪೆಯಾಗಿ ಹೊರಬರುತ್ತದೆ. ಅದನ್ನು ಬಾಯ್ಲರ್‌ಗೆ ಒಯ್ಯಲು ಸರಪಳಿ ಅಥವಾ ಬೆಲ್ಟ್ ಕನ್ವೇಯರ್‌ಗಳನ್ನು ಬಳಸುತ್ತಾರೆ. ಸಕ್ಕರೆಯನ್ನು ಸಾಮಾನ್ಯವಾಗಿ 50 ಕಿಲೋಗ್ರಾಂ ಚೀಲಗಳಲ್ಲಿ ತುಂಬಿ ಬೆಲ್ಟಿನ ಮೂಲಕ ಗೋದಾಮಿಗೆ ಸಾಗಿಸುತ್ತಾರೆ.

ಕಾರ್ಯಾಚರಣೆ

ಪ್ರತಿ ಪಾಳಿಯ ಆರಂಭದಲ್ಲಿ ಕ್ರೇನಿನ ಬ್ರೇಕು ಮತ್ತು ಮಿತಿ ಸ್ವಿಚ್ಚುಗಳನ್ನು ಪರೀಕ್ಷಿಸಬೇಕು. ಚಾಲಕನಿಗೆ ಸನ್ನೆ ಕೊಡುವವರು ಒಬ್ಬರೇ ಇರಬೇಕು. ಆದರೆ ‘ನಿಲ್ಲಿಸು’ ಎಂಬ ಸನ್ನೆಯನ್ನು ಯಾರೇ ಕೊಟ್ಟರೂ ಪಾಲಿಸಬೇಕು. ತೂಗುವ ಹೊರೆಯ ಕೆಳಗೆ ಯಾರೂ ನಿಲ್ಲಬಾರದು. ಹೊರೆಯನ್ನು ಓರೆಯಾಗಿ ಎಳೆಯಬಾರದು. ಕಬ್ಬು ಸಿಕ್ಕಿಕೊಂಡಾಗ ಚಲಿಸುತ್ತಿರುವ ಕನ್ವೇಯರ್‌ಗೆ ಕೈಹಾಕುವುದು ಪ್ರಾಣಾಪಾಯಕಾರಿ. ಮೊದಲು ವಿದ್ಯುತ್ ಕಡಿತಗೊಳಿಸಿ, ಬೇರೆಯವರು ಚಾಲನೆ ಮಾಡದಂತೆ ಸ್ವಿಚ್ಚಿಗೆ ಬೀಗ ಹಾಕಿದ ಮೇಲೆಯೇ ಅದನ್ನು ತೆಗೆಯಬೇಕು.

1948ರ ಕಾರ್ಖಾನೆಗಳ ಅಧಿನಿಯಮದ 29ನೆಯ ಪ್ರಕರಣವು ಎತ್ತುವ ಯಂತ್ರ, ಸರಪಳಿ ಮತ್ತು ಹಗ್ಗಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ಸಮರ್ಥ ವ್ಯಕ್ತಿಯಿಂದ ಪರೀಕ್ಷಿಸುವುದನ್ನು ಹಾಗೂ ಸುರಕ್ಷಿತ ಭಾರಮಿತಿಯನ್ನು ಗುರುತಿಸುವುದನ್ನು ಕಡ್ಡಾಯಗೊಳಿಸಿತು. ಕ್ರೇನಿನ ಹಳಿಯ ಬಳಿ ಅದು ಬಡಿಯಬಹುದಾದ ಜಾಗದಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಆ ಜಾಗದಿಂದ 6 ಮೀಟರ್ ಒಳಗೆ ಕ್ರೇನು ಬರದಂತೆ ತಡೆಯಬೇಕೆಂದೂ ಅದು ವಿಧಿಸಿತು.

ನಿರ್ವಹಣೆ

ಕಬ್ಬಿನೊಡನೆ ಬರುವ ಮಣ್ಣು ಸರಪಳಿಯ ಪಿನ್ನುಗಳನ್ನು ಸವೆಸುತ್ತದೆ. ಆಮ್ಲೀಯವಾದ ರಸವು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹಂಗಾಮಿನಲ್ಲಿ ಗ್ರೀಸ್ ಹಚ್ಚುವುದು, ಬೇರಿಂಗ್‌ಗಳ ಬಿಸಿ ಮತ್ತು ಸದ್ದನ್ನು ಗಮನಿಸುವುದು, ಬೆಲ್ಟು ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳುವುದು ದಿನನಿತ್ಯದ ಕೆಲಸಗಳು. ಹಂಗಾಮು ಮುಗಿದ ಬಳಿಕ ಸರಪಳಿಗಳನ್ನು ಬಿಚ್ಚಿ ಅಳೆಯಲಾಗುತ್ತದೆ. ಹಿಗ್ಗಿದ ಕೊಂಡಿಗಳು, ಎಳೆ ಕಡಿದ ಉಕ್ಕಿನ ಹಗ್ಗಗಳು, ಬಾಯಿ ಅಗಲಿಸಿದ ಅಥವಾ ಬಿರುಕು ಬಿಟ್ಟ ಕೊಕ್ಕೆಗಳನ್ನು ಬದಲಾಯಿಸಲಾಗುತ್ತದೆ. ಅಂಥ ಕೊಕ್ಕೆಯನ್ನು ಬೆಸುಗೆ ಹಾಕಿ ಮತ್ತೆ ಬಳಸುವುದು ಸುರಕ್ಷಿತವಲ್ಲ. ಒಣಸಿಪ್ಪೆಗೆ ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವುದರಿಂದ, ಅದರ ಕನ್ವೇಯರ್‌ಗಳ ಬಳಿ ಬೆಸುಗೆ ಕೆಲಸ ಮಾಡುವ ಮುನ್ನ ಸಿಪ್ಪೆಯನ್ನೂ ಧೂಳನ್ನೂ ತೆರವುಗೊಳಿಸಿ ನೀರನ್ನು ಸಿದ್ಧವಾಗಿಟ್ಟುಕೊಳ್ಳಬೇಕು.