‘ಏಕೆ’ ಕಳೆದುಕೊಂಡ ಪದ

ಸಂಸ್ಕೃತದ ‘ಕಸ್ಮಾತ್’ ಎಂದರೆ ಯಾವುದರಿಂದ, ಏಕೆ, ಯಾವ ಕಾರಣಕ್ಕೆ. ‘ಕಿಮ್’ ಎಂಬ ಪ್ರಶ್ನಾರ್ಥಕ ಸರ್ವನಾಮದ ಪಂಚಮೀ ವಿಭಕ್ತಿ ಅದು. ಅದಕ್ಕೆ ‘ಅ’ ಸೇರಿ ‘ಅಕಸ್ಮಾತ್’ ಆಯಿತು: ಏಕೆ ಎಂದು ಕೇಳಿದರೆ ಉತ್ತರವಿಲ್ಲದ್ದು. ಅದರಿಂದ ಹುಟ್ಟಿದ ಗುಣವಾಚಕ ‘ಆಕಸ್ಮಿಕ’. ಕನ್ನಡ ಈ ಪದವನ್ನು ಅಡುಗೆಮನೆಯವರೆಗೂ ಬಿಟ್ಟುಕೊಂಡಿದೆ. ‘ಅಕಸ್ಮಾತ್ ಮಳೆ ಬಂದರೆ ಬಟ್ಟೆ ಒಳಗೆ ಹಾಕು’ ಎನ್ನುವಾಗ ಅದಕ್ಕೆ ‘ಒಂದು ವೇಳೆ’ ಎಂಬಷ್ಟೇ ಅರ್ಥ. ‘ಅಕಸ್ಮಾತ್ತಾಗಿ ಸಿಕ್ಕಿದರು’ ಎನ್ನುವಾಗ ನಮ್ಮದೇ ‘ಆಗಿ’ಯನ್ನು ಅಂಟಿಸಿಕೊಂಡು ‘ಎಣಿಸದೆ’ ಎಂಬ ಅರ್ಥ ಕೊಡುತ್ತದೆ. ತ.ರಾ.ಸು. ಅವರ ಕಾದಂಬರಿಗೂ, 1993ರ ರಾಜ್‌ಕುಮಾರ್ ಚಿತ್ರಕ್ಕೂ ‘ಆಕಸ್ಮಿಕ’ ಎಂದೇ ಹೆಸರಾಯಿತು. ಇಷ್ಟರಲ್ಲಿ ಯಾರಿಗೂ ತಕರಾರು ಇರಲಾರದು.

ತಕರಾರು ಏಳುವುದು ಈ ಪದ ಮಗುವಿನ ಸಾವಿನ ಪಕ್ಕ ಬಂದು ನಿಂತಾಗ. ಮುಂದಿನ ಸೀಟಿನಲ್ಲಿ ತೊಡೆಯ ಮೇಲಿದ್ದ ಕೂಸು ಕಾರು ಡಿಕ್ಕಿಯಾಗಿ ತೀರಿಕೊಂಡರೆ ನಾವು ‘ಆಕಸ್ಮಿಕ’ ಎನ್ನುತ್ತೇವೆ. ಅದೇ ಉಸಿರಿನಲ್ಲಿ ‘ವಿಧಿಯಾಟ’ ಎಂದೂ ಹೇಳುತ್ತೇವೆ. ಇವೆರಡೂ ಒಂದಕ್ಕೊಂದು ಕೂಡಿಬರುವ ಮಾತುಗಳೇ ಅಲ್ಲ. ವಿಧಿ ಎಂದವನು ಕಾರಣ ಉಂಟು, ಅದು ನಮ್ಮ ಕೈಯಲ್ಲಿಲ್ಲ ಎನ್ನುತ್ತಾನೆ; ಆಕಸ್ಮಿಕ ಎಂದವನು ಕಾರಣವೇ ಇಲ್ಲ ಎನ್ನುತ್ತಾನೆ. ಆದರೂ ಎರಡೂ ಒಟ್ಟಿಗೆ ಬರುತ್ತವೆ, ಏಕೆಂದರೆ ದುಃಖದಲ್ಲಿರುವವರನ್ನು ಪ್ರಶ್ನೆಯಿಂದ ಉಳಿಸುವ ಕೆಲಸವನ್ನು ಎರಡೂ ಮಾಡುತ್ತವೆ. ಆ ಕ್ಷಣಕ್ಕೆ ಆ ಕರುಣೆ ಬೇಕು, ನಿಜ. ಆದರೆ ಆಮೇಲೂ ಪ್ರಶ್ನೆ ಹುಟ್ಟದೆ ಹೋದರೆ ಇನ್ನೊಂದು ಮನೆಯ ಕೂಸು ಅದೇ ಸೀಟಿನಲ್ಲಿ ಹಾಗೇ ಕೂರುತ್ತದೆ.

ಈ ಪದವನ್ನು ನಮ್ಮ ಹಿಂದಿನವರೂ ಸುಮ್ಮನೆ ಬಿಟ್ಟವರಲ್ಲ. ಗೌತಮನ ನ್ಯಾಯಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ಎದುರಾಳಿ ಬರುತ್ತಾನೆ. ಮುಳ್ಳನ್ನು ಯಾರೂ ಮಸೆಯಲಿಲ್ಲ, ಆದರೂ ಅದು ಚೂಪಾಗಿದೆ; ಹಾಗೆಯೇ ಎಲ್ಲವೂ ನಿಮಿತ್ತವಿಲ್ಲದೆ ಹುಟ್ಟುತ್ತದೆ ಎನ್ನುವುದು ಅವನ ವಾದ. ಇದಕ್ಕೆ ಪೂರ್ತಿ ಉತ್ತರ ಕೊಟ್ಟವನು ಹತ್ತನೆಯ ಶತಮಾನದ ಮಿಥಿಲೆಯ ಉದಯನ. ‘ನ್ಯಾಯಕುಸುಮಾಂಜಲಿ’ಯ ಮೊದಲ ಸ್ತಬಕದಲ್ಲಿ ಅವನು ‘ಅಕಸ್ಮಾತ್’ ಎಂಬ ಒಂದೇ ಪದವನ್ನು ಬಿಡಿಸಿ ಹರಡುತ್ತಾನೆ. ಕಾರಣವಿಲ್ಲ ಎಂಬ ಅರ್ಥವೇ? ಹುಟ್ಟುವುದೇ ಇಲ್ಲ ಎಂದೇ? ತನ್ನಿಂದ ತಾನೇ ಹುಟ್ಟಿತೆಂದೇ? ಇಲ್ಲದ ವಸ್ತುವಿನಿಂದ ಹುಟ್ಟಿತೆಂದೇ? ಅದರ ಸ್ವಭಾವವೇ ಹಾಗೆಂದೇ? ಒಂದೊಂದನ್ನೂ ಎತ್ತಿ ತಳ್ಳಿಹಾಕುತ್ತಾನೆ. ಅವನ ಮುಖ್ಯ ಯುಕ್ತಿ ಬಹಳ ಸರಳ: ಕಾರಣವಿಲ್ಲದ್ದಾದರೆ ಅದು ಯಾವಾಗಲೂ ಆಗುತ್ತಿರಬೇಕು, ಇಲ್ಲವೇ ಎಂದೂ ಆಗಬಾರದು. ಯಾವುದು ಕೆಲವೊಮ್ಮೆ ಮಾತ್ರ ಆಗುತ್ತದೋ, ಅದಕ್ಕೊಂದು ಗೊತ್ತಾದ ಎಲ್ಲೆ ಇದೆ. ಎಲ್ಲೆ ಇದ್ದ ಮೇಲೆ ಅದು ಇನ್ನೇನನ್ನೋ ಅವಲಂಬಿಸಿದೆ. ಉದಯನ ಹೊರಟಿದ್ದು ಈಶ್ವರನನ್ನು ಸಾಧಿಸಲು, ರಸ್ತೆ ಸುರಕ್ಷತೆಗಲ್ಲ. ಆದರೆ ಇಂದು ಗಾಯಗಳ ಲೆಕ್ಕ ಇಡುವ ಸಾಂಕ್ರಾಮಿಕರೋಗ ವಿಜ್ಞಾನಿ ನಿಂತಿರುವುದು ಇದೇ ಯುಕ್ತಿಯ ಮೇಲೆ. ಮಕ್ಕಳ ಗಾಯಗಳಿಗೆ ವಯಸ್ಸು, ಹೊತ್ತು, ಜಾಗ ಇವೆ. ನಡೆಯಲು ಕಲಿತ ಕೂಸು ನೀರಿನ ತೊಟ್ಟಿಗೆ ಬೀಳುತ್ತದೆ, ಶಾಲೆಗೆ ಹೋಗುವ ಮಗು ರಸ್ತೆ ದಾಟುವಾಗ ಸಿಕ್ಕಿಕೊಳ್ಳುತ್ತದೆ. ಕೆಲವೊಮ್ಮೆ, ಕೆಲವೆಡೆ, ಕೆಲವರಿಗೆ ಆಗುವುದು ಆಕಸ್ಮಿಕವಾಗಲಾರದು.

ಇಂಗ್ಲಿಷಿನ ‘ಆಕ್ಸಿಡೆಂಟ್’ ಇದೇ ಹಾದಿಯ ಪಯಣಿಗ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಮೇಲೆ ಬೀಳುವುದು, ಒದಗಿಬರುವುದು. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್‌ಗೆ ಈ ಪದ ಒಗ್ಗುತ್ತಿರಲಿಲ್ಲ. 1966ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥನಾದ ಹ್ಯಾಡನ್ ಗಾಯವನ್ನು ರೋಗದಂತೆ ನೋಡಿದ: ಮಲೇರಿಯಾಕ್ಕೆ ಪರಾವಲಂಬಿ ಇರುವಂತೆ ಗಾಯಕ್ಕೂ ಒಂದು ಕಾರಕ ಉಂಟು, ಅದು ದೇಹ ತಡೆಯಲಾರದಷ್ಟು ಶಕ್ತಿ. ಡಿಕ್ಕಿಗೆ ಮೊದಲು, ಡಿಕ್ಕಿಯ ಹೊತ್ತು, ಡಿಕ್ಕಿಯ ನಂತರ; ಮನುಷ್ಯ, ವಾಹನ, ಪರಿಸರ ಎಂದು ಅವನು ಹಾಕಿಕೊಟ್ಟ ಮನೆಗಳ ಪಟ್ಟಿಯನ್ನು ಈಗಲೂ ‘ಹ್ಯಾಡನ್ ಮ್ಯಾಟ್ರಿಕ್ಸ್’ ಎಂದೇ ಕಲಿಸುತ್ತಾರೆ. 2001ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ತನ್ನ ಪುಟಗಳಲ್ಲಿ ‘ಆಕ್ಸಿಡೆಂಟ್’ ಪದಕ್ಕೆ ನಿಷೇಧ ಹೇರುವುದಾಗಿ ಸಂಪಾದಕೀಯ ಬರೆಯಿತು. ಕಾರಿನಲ್ಲಿ ಮಕ್ಕಳ ಸುರಕ್ಷತಾ ಸೀಟಿನ ಕೆಲಸ ಮಾಡುವವರು ಈಗ ‘ಕ್ರ್ಯಾಶ್’ ಎನ್ನುತ್ತಾರೆ. ಹಾಗೆನ್ನಲು ತರಬೇತಿಯಲ್ಲೇ ರೂಢಿಸಿಕೊಳ್ಳುತ್ತಾರೆ.

ಈ ಹಟ ಕೇವಲ ಪದದ್ದಲ್ಲ ಎಂಬುದಕ್ಕೆ ಟೆನೆಸ್ಸಿ ರಾಜ್ಯದ ಮರ್ಫ್ರೀಸ್‌ಬರೋದ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಸಾಕ್ಷಿ. ಕಾರಿನಲ್ಲಿ ಚಿಕ್ಕಮಕ್ಕಳಿಗೆ ಸುರಕ್ಷತಾ ಸೀಟು ಕಡ್ಡಾಯ ಮಾಡುವ ಅಮೆರಿಕದ ಮೊದಲ ಕಾನೂನನ್ನು 1977ರಲ್ಲಿ ಆ ರಾಜ್ಯದಿಂದ ಮಾಡಿಸಿದ್ದು ಅವರು ಮತ್ತು ಅವರ ಜೊತೆಯವರು. 1978ರ ಜನವರಿ 1ರಂದು ಅದು ಜಾರಿಗೆ ಬಂತು. ಆದರೆ ಶಾಸಕರು ಅದರೊಳಗೆ ಒಂದು ವಿನಾಯಿತಿ ತೂರಿಸಿದ್ದರು: ದೊಡ್ಡವರು ಮಗುವನ್ನು ತೋಳಲ್ಲಿ ಹಿಡಿದುಕೊಂಡಿದ್ದರೆ ಸೀಟು ಬೇಡ. ಸ್ಯಾಂಡರ್ಸ್ ಅದಕ್ಕೆ ‘ಮಗುವನ್ನು ಜಜ್ಜುವ ತಿದ್ದುಪಡಿ’ ಎಂದು ಹೆಸರಿಟ್ಟು, 1981ರಲ್ಲಿ ಅದನ್ನು ತೆಗೆಸುವವರೆಗೆ ಬಿಡಲಿಲ್ಲ. ಜಜ್ಜುವುದು ಎಂಬುದು ಉತ್ಪ್ರೇಕ್ಷೆಯಲ್ಲ. 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಗುವ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಇಲ್ಲ. ಬೆಲ್ಟ್ ಹಾಕದೆ ಕೂತ ತಾಯಿಯಾದರೆ ಅವಳ ಮೈಭಾರವೂ ಹಿಂದಿನಿಂದ ಕೂಸಿನ ಮೇಲೆಯೇ ಬೀಳುತ್ತದೆ.

ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಪ್ರಮಾಣಪತ್ರ ಪಡೆದ ಟೆಕ್ನಿಷಿಯನ್‌ಗಳಿದ್ದಾರೆ. ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳ ಅಂಗಳದಲ್ಲಿ ಸೀಟು ಪರೀಕ್ಷಿಸಿ ಕೊಡುತ್ತಾರೆ. ಅವರ ಕೈಗಳನ್ನು ನೋಡಬೇಕು. ಕೊರಳೆಲುಬಿನ ಬಳಿ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ನೋಡುತ್ತಾರೆ. ಪಟ್ಟಿ ಮಡಚಿ ಬೆರಳಿಗೆ ಸಿಕ್ಕಿತೋ, ಸಡಿಲವಿದೆ ಎಂದೇ ಅರ್ಥ. ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸುತ್ತಾರೆ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಬೇಕು. ಎದೆಯ ಕ್ಲಿಪ್ ಕಂಕುಳ ಮಟ್ಟಕ್ಕೆ ಬರಬೇಕು. ದಪ್ಪ ಕೋಟನ್ನು ತೆಗೆಸುತ್ತಾರೆ, ಏಕೆಂದರೆ ಡಿಕ್ಕಿಯಲ್ಲಿ ಆ ಉಬ್ಬು ಅಮುಕಿಹೋಗಿ ಪಟ್ಟಿ ಜೋಲುತ್ತದೆ. ಕೂಸಿನ ಮುಖ ಹಿಂದಕ್ಕೆ ಇರಬೇಕು. ತಲೆ ಮೈಯ ನಾಲ್ಕರಲ್ಲೊಂದು ಪಾಲು, ಕೊರಳ ಎಲುಬು ಇನ್ನೂ ಮೆದು. ಹಿಂದುಮುಖದ ಸೀಟಿನಲ್ಲಿ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಇಷ್ಟನ್ನೂ ತಾವೇ ಮಾಡಿ ಮುಗಿಸದೆ ಅಪ್ಪ ಅಮ್ಮನ ಕೈಯಲ್ಲೇ ಮಾಡಿಸುತ್ತಾರೆ. ಸರಿಯಾಗಿ ಕಟ್ಟಿದ ಸೀಟು ಕಾರಿನಲ್ಲಿ ಹಸುಗೂಸುಗಳ ಸಾವಿನ ಅಪಾಯವನ್ನು 71 ಪ್ರತಿಶತ, ಸ್ವಲ್ಪ ದೊಡ್ಡ ಮಕ್ಕಳದ್ದನ್ನು 54 ಪ್ರತಿಶತ ತಗ್ಗಿಸುತ್ತದೆ ಎಂಬುದು ಅಲ್ಲಿನ ಸರ್ಕಾರಿ ಅಂದಾಜು. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿಬಂದ ನಮ್ಮ ಅಜ್ಜಿಯರಿಗೆ ಇದೆಲ್ಲ ಗೊತ್ತು. ಮೊಮ್ಮಗು ಎಷ್ಟು ಅತ್ತರೂ ಹೊರಟ ಕಾರಿನಲ್ಲಿ ಎತ್ತಿಕೊಳ್ಳಲು ಬಿಡಲಿಲ್ಲ ಎಂದು ಸಂಕಟದಿಂದ ಹೇಳುತ್ತಾರೆ. ಆ ಸಂಕಟ ನ್ಯಾಯವಾದದ್ದೇ, ಬಿಡದಿದ್ದದ್ದೂ ಸರಿಯೇ.

ಹಾಗಾದರೆ ‘ಆಕಸ್ಮಿಕ’ದ ಜಾಗಕ್ಕೆ ಯಾವ ಪದ? ನೆರೆಯ ತೆಲುಗಿನವರು ‘ಪ್ರಮಾದಂ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಪ್ರಮಾದವೆಂದರೆ ಎಚ್ಚರಗೇಡಿತನ. ಧಮ್ಮಪದದ ಎರಡನೆಯ ವರ್ಗ ಪೂರ್ತಿ ಅದರ ವಿರುದ್ಧಪದವಾದ ‘ಅಪ್ಪಮಾದ’ಕ್ಕೆ ಮೀಸಲು. ಕನ್ನಡದಲ್ಲೂ ‘ಪ್ರಮಾದವಾಯಿತು’ ಎಂದರೆ ತಪ್ಪಾಯಿತೆಂದೇ. ಕಾರಣ ಕಳೆದ ಪದಕ್ಕಿಂತ ಕಾರಣ ತೋರುವ ಪದ ಮೇಲು ಅನ್ನಿಸಬಹುದು. ನನಗೆ ಇದೂ ಒಪ್ಪಿಗೆಯಲ್ಲ. ಕೂಸನ್ನು ಎದೆಗವಚಿಕೊಂಡು ಕೂತ ತಾಯಿ ಎಚ್ಚರಗೇಡಿಯಲ್ಲ. ಅವಳಿಗೆ ತಿಳಿದ ಅತಿ ಭದ್ರವಾದ ಜಾಗ ಅದೇ. 140 ಕಿಲೋದ ಲೆಕ್ಕವನ್ನು ಅವಳಿಗೆ ಯಾರೂ ಹೇಳಲಿಲ್ಲ, ಕಾರು ಮಾರಿದವರೂ ಹೇಳಲಿಲ್ಲ. ಕಾರಣ ಹುಡುಕುವುದು ಬೇರೆ, ತಪ್ಪು ಹೊರಿಸುವುದು ಬೇರೆ.

ನಾವು ಮರಾಠಿಗರೊಂದಿಗೆ ಹಂಚಿಕೊಂಡಿರುವ ‘ಅಪಘಾತ’ವೇ ಉಳಿಯಲಿ. ಅದರ ಬೇರು ‘ಹನ್’, ಹೊಡೆ. ಅದರಿಂದಲೇ ಘಾತ, ಆಘಾತ, ಹೃದಯಾಘಾತ. ಹ್ಯಾಡನ್ ಹೇಳಿದ ಶಕ್ತಿಯ ಪೆಟ್ಟು ಈ ಪದದ ಒಡಲಲ್ಲೇ ಇದೆ. ಎಲ್ಲಿಂದ ಬಂತು, ಎಲ್ಲಿಗೆ ತಾಗಿತು, ನಡುವೆ ಏನು ತಡೆಯಬಹುದಿತ್ತು ಎಂದು ಅದರ ಬಳಿ ಕೇಳಬಹುದು. ಇನ್ನೂ ಹಿಂದೆ ಹೋದರೆ, ವೇದಕಾಲದ ಭಾಷೆಯಲ್ಲಿ ‘ಅಪ’ ಸೇರಿದ ‘ಹನ್’ ಧಾತುವಿಗೆ ಹೊಡೆದು ದೂರ ಅಟ್ಟು, ಕೇಡನ್ನು ನಿವಾರಿಸು ಎಂಬ ಅರ್ಥವೇ ಇತ್ತು. ಅನಾಹುತವನ್ನು ಅಟ್ಟುತ್ತಿದ್ದ ಪದ ಕಾಲ ಕಳೆದಂತೆ ಅನಾಹುತದ ಹೆಸರಾಗಿದೆ.

ನಮ್ಮ ಕಾನೂನು ಕಾರಣದ ಕಡೆ ತಿರುಗಿದ್ದು ಇತ್ತೀಚೆಗೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡ ಎನ್ನುತ್ತದೆ. ಆದರೆ ನಮ್ಮ ಎಷ್ಟೋ ಮಕ್ಕಳು ಓಡಾಡುವುದು ಬೈಕು, ಸ್ಕೂಟರುಗಳ ಮೇಲೆ. ಅವರಿಗಾಗಿ 2022ರ ಫೆಬ್ರುವರಿಯಲ್ಲಿ ನಿಯಮ ಬಂತು: 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಕಟ್ಟಬೇಕು, 9 ತಿಂಗಳು ತುಂಬಿದ್ದರೆ ಅದರ ತಲೆಗೆ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ವರ್ಷದ ಬಳಿಕ ಅದು ಜಾರಿಯಾಯಿತು. ಆ ಅಳತೆಯ ಹೆಲ್ಮೆಟ್ಟು, ಆ ಪಟ್ಟಿ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸುಲಭದ ಬೆಲೆಗೆ ಸಿಗುವಂತೆ ಮಾಡುವುದು, ಹೆರಿಗೆ ಆಸ್ಪತ್ರೆಯಲ್ಲಿ ಲಸಿಕೆಯ ಚೀಟಿಯೊಂದಿಗೇ ಈ ಮಾತನ್ನೂ ಹೇಳಿ ಕಳುಹಿಸುವುದು ಈಗ ಆಗಬೇಕಾದ ಕೆಲಸ. ಪತ್ರಿಕೆಯವರಾದ ನಾವೂ ವರದಿಯಲ್ಲಿ ‘ಆಕಸ್ಮಿಕವಾಗಿ’ ಎಂದು ಬರೆಯುವ ಜಾಗದಲ್ಲಿ, ಮಗು ಎಲ್ಲಿ ಕೂತಿತ್ತು, ಬೆಲ್ಟ್ ಇತ್ತೇ, ಸೀಟಿತ್ತೇ ಎಂದು ವಿಚಾರಿಸಿ ಬರೆಯಬಹುದು.