ಪ್ರತಿರೋಧಶಾಮಕ ಔಷಧಗಳು (ಅಂಗಾಂಗ ಕಸಿ)

ಕಸಿ ಮಾಡಿದ ಅಂಗವನ್ನು ದೇಹ ಪರಕೀಯವೆಂದು ಬಗೆದು ನಾಶಪಡಿಸದಂತೆ ತಡೆಯುವ ಔಷಧಗಳು. ಕಸಿ ಅಂಗ ಕೆಲಸ ಮಾಡುವಷ್ಟು ಕಾಲವೂ ಇವನ್ನು ಸೇವಿಸಬೇಕು. 1954ರಲ್ಲಿ ಬಾಸ್ಟನ್‌ನಲ್ಲಿ ಯಶಸ್ವಿಯಾದ ಮೂತ್ರಪಿಂಡ ಕಸಿ ತದ್ರೂಪಿ ಅವಳಿಗಳ ನಡುವಿನದು. ಅವಳಿಗಳಲ್ಲದವರ ನಡುವಿನ ಕಸಿಗೆ ದಾರಿ ತೆರೆದದ್ದು ಈ ಔಷಧಗಳೇ. ಮೊದಲು ಅಜಾಥಯೋಪ್ರಿನ್, ಬಳಿಕ ಶಿಲೀಂಧ್ರದಿಂದ ಪಡೆದ ಸೈಕ್ಲೋಸ್ಪೊರಿನ್, ಆಮೇಲೆ ಜಪಾನಿನ ಮಣ್ಣಿನ ಬ್ಯಾಕ್ಟೀರಿಯದಿಂದ ದೊರೆತ ಟ್ಯಾಕ್ರೊಲಿಮಸ್ ಬಂದವು.

ಈಗ ಸಾಮಾನ್ಯವಾಗಿ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಒಟ್ಟಿಗೆ ಕೊಡುತ್ತಾರೆ. ಟ್ಯಾಕ್ರೊಲಿಮಸ್ ಪ್ರಮಾಣ ಕಡಿಮೆಯಾದರೆ ಅಂಗ ತಿರಸ್ಕೃತವಾಗಬಹುದು, ಹೆಚ್ಚಾದರೆ ಮೂತ್ರಪಿಂಡಕ್ಕೇ ಪೆಟ್ಟು. ಅದಕ್ಕೇ ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಾರೆ. ಆ ರಕ್ತಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ಚೆನ್ನಾಗಿದ್ದೇನೆಂದು ಮಾತ್ರೆ ನಿಲ್ಲಿಸುವುದು ದೊಡ್ಡ ಅಪಾಯ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಕಸಿ ಕೇಂದ್ರಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಹೀಗಾಗಿ ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಂಥ ಊರಿನ ರೋಗಿ, ಮುಂದಿನ ತಪಾಸಣೆವರೆಗೆ ಸಾಲುವಷ್ಟು ಮಾತ್ರೆ ತಂದಿಟ್ಟುಕೊಳ್ಳುವುದು ಲೇಸು.

ಇಂಥ ತೆಂಗಿನ ಸೀಮೆಯವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೊರಿನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು. ಎಳನೀರಿನಲ್ಲೂ ಪೊಟ್ಯಾಸಿಯಂ ಹೇರಳ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಆದ್ದರಿಂದ ತೋಟದಲ್ಲಿ ಕೆತ್ತಿಕೊಟ್ಟ ಎಳನೀರನ್ನು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಚಕ್ಕೋತ ಹಣ್ಣು ಔಷಧದ ಮಟ್ಟವನ್ನೇ ಏರಿಸಬಹುದು; ಅದನ್ನು ಬಿಡುವುದೇ ಸರಿ. ಈ ಔಷಧ ಸೇವಿಸುವವರಿಗೆ ಸೋಂಕು ಬೇಗ ತಗಲುವುದರಿಂದ ಒಣಗೊಬ್ಬರ ಕೆದಕುವಾಗ, ತಿಪ್ಪೆ ತೋಡುವಾಗ ಬಾಯಿ ಮೂಗಿಗೆ ಮಾಸ್ಕ್, ಕೈಗೆ ಗವಸು ಬೇಕು. ಸಣ್ಣ ಜ್ವರ ಬಂದರೂ ತಡಮಾಡದೆ ಕಸಿ ಕೇಂದ್ರಕ್ಕೆ ತಿಳಿಸಬೇಕು.