ಬಂಡೆಯಡಿಯ ಅಂಚೆಪೆಟ್ಟಿಗೆ

ನಮ್ಮ ಕಾಸರಗೋಡು ಕಡೆಯ ಹಿರಿಯರಲ್ಲಿ ಕೇಳಿದರೆ ಹೊರೆ ಇಳಿಸುವ ಕಲ್ಲಿನ ಸಂಗತಿ ಹೇಳುತ್ತಾರೆ. ಕಾಲ್ದಾರಿಯ ಬದಿಯಲ್ಲಿ ಎರಡು ಕಲ್ಲು ನೆಟ್ಟು, ಮೇಲೆ ಉದ್ದದ ಕಲ್ಲೊಂದನ್ನು ಅಡ್ಡ ಇಟ್ಟಿರುತ್ತಿದ್ದರು. ತಲೆಹೊರೆಯವರು ಇನ್ನೊಬ್ಬರ ಕೈ ಕಾಯದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿ ಹೊರಡಲಿ ಎಂದು ಮಾಡಿದ ಏರ್ಪಾಡು ಅದು. ಮಲಯಾಳದಲ್ಲಿ ಅದಕ್ಕೆ ಚುಮಡುತಾಂಗಿ, ಅತ್ತಾಣಿ ಎನ್ನುತ್ತಾರೆ, ತಮಿಳಿನಲ್ಲಿ ಸುಮೈತಾಂಗಿ. ಇಡಿಸಿದವರಿಗೆ ಇಳಿಸುವವರ ಪರಿಚಯವಿಲ್ಲ, ಇಳಿಸಿದವರು ಇಡಿಸಿದವರ ಮುಖ ಕಂಡವರಲ್ಲ.

ಇದು ಉಪಕಾರದ ಮಾತಾಯಿತು. ಉಪಕಾರವೂ ಅಲ್ಲದೆ, ಬರೀ ಖುಷಿಗೆಂದು ಗುರುತಿಲ್ಲದವರಿಗೆ ಕೈಯಾರೆ ಮಾಡಿದ ಪುಟ್ಟ ವಸ್ತುವೊಂದನ್ನು ದಾರಿಯಲ್ಲಿ ಬಚ್ಚಿಟ್ಟು ಹೋಗುವವರೂ ಇದ್ದಾರೆಯೇ ಎಂದರೆ, ಇದ್ದಾರೆ. ಇಂಗ್ಲೆಂಡಿನ ಒಂದು ಗುಡ್ಡಗಾಡಿನಲ್ಲಿ ಇಂಥದ್ದೊಂದು ರೂಢಿ ಸುಮಾರು 170 ವರ್ಷಗಳಿಂದ ನಡೆದು ಬಂದಿದೆ. ಅದರ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಜಿಲ್ಲೆ. ಅದರ ನಡುವೆ ಡಾರ್ಟ್‌ಮೂರ್ ಎಂಬ ಬಯಲುಗುಡ್ಡೆ, ಸುಮಾರು 954 ಚದರ ಕಿಲೋಮೀಟರ್. ಶೆರ್ಲಾಕ್ ಹೋಮ್ಸ್‌ನ ಬೇಟೆನಾಯಿಯ ಕಥೆ ಓದಿದವರಿಗೆ ಈ ಜಾಗ ಗೊತ್ತು. ಆ ಕಥೆ ನಡೆಯುವುದು ಅಲ್ಲೇ. ನಮ್ಮ ಪಾರೆಗಳ ಹಾಗೆ ಅಲ್ಲೂ ಮರ ಕಡಿಮೆ, ಹುಲ್ಲೇ ಹೆಚ್ಚು. ಆದರೆ ಮುರಕಲ್ಲಿನ ಬದಲು ಕರ್ಗಲ್ಲ ಬಂಡೆಗಳ ರಾಶಿ. ಬಂಡೆಗಳ ನಡುವೆ, ಗಿಡಹುಲ್ಲು ಕೊಳೆತು ಪದರಪದರವಾಗಿ ಕೂತ ಕಪ್ಪು ಮಣ್ಣಿನ ಜೌಗು. ಮಂಜು ಕವಿಯಿತೆಂದರೆ ದಾರಿ ತಪ್ಪಿದ ಹಾಗೆಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಚಾಗ್‌ಫರ್ಡ್ ಎಂಬ ಊರಲ್ಲಿ ಜೇಮ್ಸ್ ಪೆರಟ್ ಎಂಬವನಿದ್ದ. ಪ್ರವಾಸಿಗರಿಗೆ ದಾರಿ ತೋರಿಸುವುದು ಅವನ ಕಸುಬು. ಆ ಗುಡ್ಡಗಾಡಿನ ಉತ್ತರ ಭಾಗದಲ್ಲಿ ಕ್ರಾನ್‌ಮಿಯರ್ ಪೂಲ್ ಎಂಬ ತಗ್ಗಿದೆ. ಹೆಸರಿಗೆ ಮಾತ್ರ ಕೊಳ, ನೋಡಿದರೆ ಒಂದು ಜೌಗುಗುಂಡಿ, ಅಷ್ಟೇ. ಆದರೂ ಅಲ್ಲಿವರೆಗೆ ನಡೆದು ತಲುಪುವುದೇ ದೊಡ್ಡ ಸಾಹಸ. 1854ರಲ್ಲಿ ಪೆರಟ್ ಅಲ್ಲಿ ಒಂದು ಬಾಟಲಿ ಇಟ್ಟ. ಅಷ್ಟು ದೂರ ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಬರಬೇಕು. 'ನಾವೂ ಬಂದಿದ್ದೆವು' ಎಂಬುದಕ್ಕೆ ಒಂದು ಸಾಕ್ಷಿ.

ಬಾಟಲಿ ಕ್ರಮೇಣ ಅಂಚೆಪೆಟ್ಟಿಗೆಯಾದದ್ದು ಹೀಗೆ. ಬಂದವರು ತಮಗೋ ತಮ್ಮ ಗೆಳೆಯರಿಗೋ ಒಂದು ಕಾಗದ ಬರೆದು, ವಿಳಾಸ ಬರೆದು, ಅಂಚೆಚೀಟಿ ಹಚ್ಚಿ ಅಲ್ಲಿ ಬಿಟ್ಟು ಹೋಗತೊಡಗಿದರು. ಮುಂದೆ ಬಂದವರು ಆ ಕಾಗದ ತೆಗೆದುಕೊಂಡು ಊರಿಗೆ ಹೋಗಿ ಅಂಚೆಗೆ ಹಾಕಬೇಕು. ಮುಂದಿನವರು ನಾಳೆಯೇ ಬರಬಹುದು, ತಿಂಗಳು ಕಳೆದೂ ಬರಬಹುದು. ಕಾಗದ ತಲುಪಿತೆಂದರೆ, ನಾವು ಕಾಣದ ಯಾರೋ ಒಬ್ಬರು ಜೌಗು ದಾಟಿ ಅದನ್ನು ಹೊತ್ತು ತಂದಿದ್ದಾರೆ ಎಂದೇ ಅರ್ಥ. ಯೋಚನೆ ಮಾಡಿ, ಓದಿ ಅಲ್ಲೇ ಬಿಸಾಡಿದರೆ ಕೇಳುವವರು ಯಾರಿದ್ದರು?

1905ರಲ್ಲಿ ಅಲ್ಲಿ ಸಹಿಪುಸ್ತಕ ಬಂತು. 1937ರಲ್ಲಿ ಕಲ್ಲಿನ ಗೂಡು ಕಟ್ಟಿದರು. 1938ರಲ್ಲಿ, ಆ ಗುಡ್ಡಗಾಡಿನ ಬಗ್ಗೆ ಆಯುಷ್ಯವಿಡೀ ಬರೆದ ವಿಲಿಯಂ ಕ್ರಾಸಿಂಗ್ ಅವರ ನೆನಪಿಗೆ ಡಕ್ಸ್ ಪೂಲ್ ಎಂಬಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟರು. 1970ರ ದಶಕದವರೆಗೂ ಇಂಥ ಪೆಟ್ಟಿಗೆಗಳು ಅಲ್ಲಿ ಬೆರಳೆಣಿಕೆಯಷ್ಟೇ. ಅಲ್ಲಿಂದ ಮುಂದೆ ಸಾವಿರಗಟ್ಟಲೆಯಾದವು.

ಈಗಿನ ಕ್ರಮವನ್ನೂ ಹೇಳಬೇಕು. ನೀರು ಹೋಗದ ಒಂದು ಡಬ್ಬಿ. ಅದರೊಳಗೆ ಒಂದು ಪುಸ್ತಕ, ಒಂದು ರಬ್ಬರ್ ಮೊಹರು. ಬಹಳ ಜನ ಮೊಹರನ್ನು ತಾವೇ ಕೊರೆಯುತ್ತಾರೆ. ಪೆನ್ಸಿಲ್ ಅಳಿಸುವ ರಬ್ಬರಿನ ತುಂಡು, ಹರಿತವಾದ ಸಣ್ಣ ಚೂರಿ ಇದ್ದರೆ ಸಾಕು. ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಅಚ್ಚೊತ್ತಿದ ನಮ್ಮ ಶಾಲೆಯ ಮಕ್ಕಳಿಗೆ ಇದೇನು ಕಷ್ಟವಲ್ಲ. ಮೊಹರಿನಲ್ಲಿ ಆ ಜಾಗದ ಹಕ್ಕಿ, ಸೇತುವೆ, ಹಳೆಯ ಕಥೆಯ ಭೂತ, ಹೀಗೆ ಏನಾದರೊಂದು ಚಿತ್ರ. ಡಬ್ಬಿಯನ್ನು ಬಂಡೆಯ ಸಂದಿಯಲ್ಲಿ ಅಡಗಿಸಿ, ಇಂಥ ದಿಕ್ಕಿಗೆ ಇಷ್ಟು ಹೆಜ್ಜೆ ಎಂದು ಸುಳಿವು ಕೊಡುತ್ತಾರೆ. ಹುಡುಕಿದವರು ಆ ಮೊಹರನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳುತ್ತಾರೆ, ತಮ್ಮ ಮೊಹರನ್ನು ಡಬ್ಬಿಯ ಪುಸ್ತಕಕ್ಕೆ ಒತ್ತುತ್ತಾರೆ. ಬೇರೇನೂ ಕೊಂಡೊಯ್ಯುವ ಹಾಗಿಲ್ಲ. ನೂರು ಡಬ್ಬಿ ಕಂಡುಹಿಡಿದವರಿಗೆ 'ನೂರರ ಕ್ಲಬ್' ಎಂಬ ಕೂಟಕ್ಕೆ ಪ್ರವೇಶ ಉಂಟು. 1998ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಪತ್ರಿಕೆಯಲ್ಲಿ ಇದರ ಬಗ್ಗೆ ಲೇಖನ ಬಂದ ಮೇಲೆ ಈ ಹವ್ಯಾಸ ಅಲ್ಲಿಯೂ ಹಬ್ಬಿತು.

ಸಾವಿರಗಟ್ಟಲೆ ಎಂದ ಮೇಲೆ ತೊಂದರೆಯೂ ಬಂತು. ಡಾರ್ಟ್‌ಮೂರ್‌ನಲ್ಲಿ ಸಾವಿರಾರು ವರ್ಷ ಹಿಂದಿನ ಜನ ನಿಲ್ಲಿಸಿದ ಕಲ್ಲುಸಾಲುಗಳಿವೆ, ಗೋರಿಗಳಿವೆ. ಡಬ್ಬಿ ಹುಡುಕುವ ಭರದಲ್ಲಿ ಅಲ್ಲಿನ ಕಲ್ಲು ಎತ್ತಿದರೆ, ಮಣ್ಣು ಅಗೆದರೆ ಹೋದದ್ದು ತಿರುಗಿ ಬರುವುದಿಲ್ಲ. ಆದ್ದರಿಂದ ಒಂದು ನಡವಳಿಕೆಯ ನಿಯಮ ಮಾಡಿಕೊಂಡರು: ಪ್ರಾಚೀನ ಅವಶೇಷಗಳಲ್ಲಿ, ಗೋಡೆಗಳಲ್ಲಿ ಡಬ್ಬಿ ಇಡಬಾರದು, ಅಪಾಯದ ಜಾಗದಲ್ಲಿ ಇಡಬಾರದು, ಸಿಮೆಂಟು ಹಾಕಿ ಗೂಡು ಕಟ್ಟಬಾರದು. ಆ ಗುಡ್ಡಗಾಡಿನ ಉತ್ತರ ಭಾಗದಲ್ಲಿ ಸೈನ್ಯದ ಗುಂಡು ಹಾರಿಸುವ ಅಭ್ಯಾಸವೂ ನಡೆಯುತ್ತದೆ. ಕೆಂಪು ಬಾವುಟ ಹಾರಿದ ದಿನ ಅತ್ತ ಕಾಲಿಡುವಂತಿಲ್ಲ.

ಇಷ್ಟೆಲ್ಲದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ ಕಟ್ಟಳೆ. ಡಬ್ಬಿ ಸಿಕ್ಕಿದವರು ಅದನ್ನು ಮೊದಲಿದ್ದ ಹಾಗೆಯೇ, ಮುಚ್ಚಳ ಬಿಗಿಯಾಗಿ ಹಾಕಿ, ಮತ್ತೆ ಅಡಗಿಸಿ ಬರಬೇಕು. ಎಷ್ಟೋ ಹೊತ್ತು ಹುಡುಕಿ, ಕಾಲು ಕೆಸರು ಮಾಡಿಕೊಂಡು ಕಂಡುಹಿಡಿದದ್ದು. ಆದರೂ ಮುಂದಿನವರ ಕಷ್ಟ ತಪ್ಪಿಸಲಿಕ್ಕೆಂದು ಅದನ್ನು ಎದುರಿಗೆ ಇಡಬಾರದು. ನಮಗೆ ದಕ್ಕಿದ ಖುಷಿ ಅವರಿಗೂ ಪೂರ್ತಿಯಾಗಿ ದಕ್ಕಬೇಕಲ್ಲ! ಇಟ್ಟವರು ಒಮ್ಮೆ ಇಟ್ಟರು. ಅದು ಉಳಿದದ್ದು ಮಾತ್ರ ಕಂಡವರ ಕೈಯಿಂದ.

ನಮ್ಮ ಹೊರೆ ಇಳಿಸುವ ಕಲ್ಲಿಗೆ ಈಗ ಕೆಲಸವಿಲ್ಲ. ಹೊರೆಯೆಲ್ಲ ಜೀಪು, ಲಾರಿ ಹತ್ತಿತು. ರಸ್ತೆ ಅಗಲವಾದ ಕಡೆಗಳಲ್ಲಿ ಎಷ್ಟೋ ಕಲ್ಲು ಬುಡಮೇಲಾಯಿತು. ಕ್ರಾನ್‌ಮಿಯರ್‌ನ ಪೆಟ್ಟಿಗೆಗೆ ಮೊದಲಿನಿಂದಲೂ ಉಪಯೋಗವೆಂಬುದೇ ಇರಲಿಲ್ಲ, ಆದರೂ ಅದು ಉಳಿದಿದೆ. ಅಧ್ಯಾಪಕರು ಮಕ್ಕಳನ್ನು ಗುಡ್ಡೆಗೆ ಕರೆದುಕೊಂಡು ಹೋಗುವ ದಿನ, ಊರಲ್ಲಿ ಉಳಿದ ಹೊರೆಗಲ್ಲೊಂದು ಎಲ್ಲಿದೆ ಎಂದು ಹುಡುಕಿಸಿದರೆ ಒಳ್ಳೆಯದು. ಸಿಕ್ಕಿದರೆ ಅದರ ಚಿತ್ರವನ್ನು ರಬ್ಬರಿನಲ್ಲಿ ಕೊರೆದು ನಮ್ಮ ವಾಚನಾಲಯದ ಮೇಜಿನ ಮೇಲೆ ಇಡಲಿ. ಬಂದವರು ತಮ್ಮ ಪುಸ್ತಕಕ್ಕೆ ಅಚ್ಚೊತ್ತಿಕೊಳ್ಳಲಿ. ಮೊಹರನ್ನು ಮಾತ್ರ ಇದ್ದಲ್ಲೇ ಇಟ್ಟು ಹೋಗಲಿ.